ಕಾರ್ಡ್ ಇದೆ, ಅಜ್ಜನನ್ನು ನೋಡಿಕೊಳ್ಳುವವರು ಯಾರು?

ಅಟ್ಟದ ಮೇಲೆ ಎಷ್ಟು ಕಾಯಿ ಕೊಬ್ಬರಿಯಾಗಿದೆ ಎಂದು ಬಾಯಿಲೆಕ್ಕದಲ್ಲೇ ಹೇಳುತ್ತಿದ್ದ ಅಜ್ಜ, ತಿಪಟೂರು ಮಾರುಕಟ್ಟೆಯಿಂದ ತಂದ ಹಣ ಎಲ್ಲಿಟ್ಟೆನೆಂದು ದಿನವಿಡೀ ತಡಕಾಡತೊಡಗಿದರೆ ಶೆಟ್ಟಿಕೆರೆ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು ‘ಅರವತ್ತಕ್ಕೆ ಅರಳು ಮರಳು’. ಗಾದೆ ಸೊಗಸಾಗಿದೆ, ಆದರೆ ನಿಜವಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ ಅರವತ್ತು ದಾಟಿದವರಲ್ಲಿ ಡಿಮೆನ್ಷಿಯಾ ಇರುವುದು ಶೇ 7.4ರಷ್ಟು ಮಂದಿಗೆ ಮಾತ್ರ. ಮರೆವಿನ ಹಿಂದೆ ಬಿ12 ಕೊರತೆ, ಥೈರಾಯ್ಡ್ ಅಥವಾ ಖಿನ್ನತೆ ಇದ್ದರೆ ಚಿಕಿತ್ಸೆಯಿಂದ ಸುಧಾರಿಸಲೂಬಹುದು. ಒಂದು ರಕ್ತಪರೀಕ್ಷೆಯನ್ನೂ ಮಾಡಿಸದೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ಅನ್ಯಾಯ.

‘ಕಾರ್ಡ್ ಇದೆಯಲ್ಲ, ಐದು ಲಕ್ಷದವರೆಗೆ ಚಿಂತೆಯಿಲ್ಲ’ ಎಂಬುದು ಇನ್ನೂ ದುಬಾರಿ ನಂಬಿಕೆ. ಸಹಕಾರ ಸಂಘದ ಸದಸ್ಯರ ಯಶಸ್ವಿನಿಯಾಗಲಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವಾಗಲಿ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಪಟ್ಟಿಮಾಡಿದ ಚಿಕಿತ್ಸೆಗಳಿಗೆ. ಎರಡನೆಯದರಲ್ಲಿ ಐದು ಲಕ್ಷದ ಮಿತಿ ಬಿಪಿಎಲ್ ಕುಟುಂಬಕ್ಕೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಅಜ್ಜ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಕಾರ್ಡ್ ಕೈಹಿಡಿದೀತು. ಮನೆಗೆ ಬಂದ ಮೇಲೆ ಸ್ನಾನ ಮಾಡಿಸಲು, ಹಟ ಹಿಡಿದಾಗ ತುತ್ತು ತಿನ್ನಿಸಲು, ನಡುರಾತ್ರಿ ಚಿಲಕ ತೆಗೆದು ತೋಟದ ದಾರಿ ಹಿಡಿದವರನ್ನು ಕರೆತರಲು ಅದರಲ್ಲಿ ಕಾಸಿಲ್ಲ. ಹೋಮ್ ನರ್ಸ್ ಸಂಬಳ, ಆರೈಕೆ ಕೇಂದ್ರದ ತಿಂಗಳ ಶುಲ್ಕ ಮನೆಯವರ ಜೇಬಿನಿಂದಲೇ. ಸಾಮಾನ್ಯವಾಗಿ ಈ ಹೊರೆ ಸೊಸೆಯ ಮೇಲೆ ಬೀಳುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಖಾಸಗಿ ವಿಮೆಯಲ್ಲಿ ಮಾನಸಿಕ ಕಾಯಿಲೆಗೆ ಜಾಗವೇ ಇಲ್ಲ ಎನ್ನುವವರದು ಹಳೆಯ ಮಾಹಿತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೈಹಿಕ ಕಾಯಿಲೆಯಂತೆಯೇ ಅದಕ್ಕೂ ವಿಮೆ ಕೊಡಬೇಕೆನ್ನುತ್ತದೆ. ಆದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಕ್ಲೇಮ್ ಕೈತಪ್ಪಬಹುದು.

‘ವೃದ್ಧಾಶ್ರಮಕ್ಕೆ ಬಿಟ್ಟರಾಯಿತು’ ಎಂಬ ಲೆಕ್ಕವೂ ಕೆಡುತ್ತದೆ. ಎಷ್ಟೋ ಆಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನಷ್ಟೇ ಸೇರಿಸಿಕೊಳ್ಳುತ್ತವೆ. ಡಿಮೆನ್ಷಿಯಾ ಆರೈಕೆಯೇ ಬೇರೆ: ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದಕ್ಕೆಂದೇ ಕೇಂದ್ರ ನಡೆಸುತ್ತಿದೆ. ಇಂಥ ಯಾವುದೇ ಕಡೆ ಸೇರಿಸುವ ಮುನ್ನ ರಾತ್ರಿ ಪಾಳಿಯಲ್ಲಿ ಎಷ್ಟು ಜನರಿರುತ್ತಾರೆ, ಡಯಾಪರ್, ಔಷಧಿ ಶುಲ್ಕದೊಳಗೆ ಬರುತ್ತವೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ಎಲ್ಲಕ್ಕೂ ಬೆಂಗಳೂರೇ ಬೇಕೆಂದಿಲ್ಲ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಕಾಯಿಲೆಯನ್ನು ವಾಸಿ ಮಾಡದಿದ್ದರೂ ಕೆಲವರಲ್ಲಿ ಲಕ್ಷಣಗಳನ್ನು ಹತೋಟಿಗೆ ತರುವ ಡೊನೆಪೆಜಿಲ್ ಮಾತ್ರೆ ಜನೌಷಧಿಯ ಪಟ್ಟಿಯಲ್ಲಿದೆ. ಮಂಗಳವಾರದವರೆಗೆ ಕಾಯಲಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.