ಒಣಮೀನಿನ ಆಯ್ಕೆ ಮತ್ತು ರಕ್ಷಣೆ

ಕಾಸ್ಪಿಯನ್ ಸಮುದ್ರದ ಸ್ಟರ್ಜನ್ ಮೀನಿನ ಮೊಟ್ಟೆಗೆ ಉಪ್ಪು ಬೆರಸಿ ಸಿದ್ಧಪಡಿಸುವ ಕ್ಯಾವಿಯರ್ ಎಂಬ ಖಾದ್ಯವು ಸಿರಿವಂತರ ಭೋಜನಕ್ಕೆ ಭೂಷಣವೆಂದು ಪ್ರಪಂಚದಲ್ಲೆಲ್ಲ ಹೆಸರಾಗಿದೆ. ದಕ್ಷಿಣ ಕನ್ನಡದ ಒಣಮೀನಿಗೆ ಅಂತಹ ಕೀರ್ತಿಯಿಲ್ಲ. ಆದರೆ ಎರಡನ್ನೂ ಕಾಯುವುದು ಉಪ್ಪೇ. ಆದಕಾರಣ ಆ ದೂರದ ವಸ್ತುವನ್ನು ಪಕ್ಕದಲ್ಲಿಟ್ಟುಕೊಂಡು ನಮ್ಮ ನಾಡಿನ ವಸ್ತುವನ್ನು ವಿಚಾರಮಾಡೋಣ.

1837ರ ರೈತರ ಬಂಡಾಯದಲ್ಲಿ ಸರ್ಕಾರದ ಖಜಾನೆ ಕೈವಶವಾದ ಊರೆಂದು ಚರಿತ್ರೆಯಲ್ಲಿ ಹೆಸರಾದ ಬೆಳ್ಳಾರೆಯು ಕಡಲಿಗೆ ದೂರವಾಗಿ, ಘಟ್ಟದ ಕಡೆಗೆ ಇದೆ. ಮಳೆಗಾಲದಲ್ಲಿ ಕಡಲು ಕೆರಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವೂ ಉಂಟು. ಆದುದರಿಂದ ಈ ಸೀಮೆಯ ಮನೆಗಳಲ್ಲಿ ಬೇಸಗೆಯಲ್ಲಿಯೇ ಒಣಮೀನನ್ನು ಕೊಂಡು ಕೂಡಿಡುವುದು ವಾಡಿಕೆ. ಆಟಿ ತಿಂಗಳ ಗಂಜಿಗೆ ಅದೇ ಆಧಾರ.

ಉಪ್ಪು ಮಾಡುವ ಕಾರ್ಯವೇನು? ಅದು ಮಾಂಸದೊಳಗಿನ ನೀರನ್ನು ಹೊರಗೆಳೆಯುತ್ತದೆ. ನೀರಿಲ್ಲದೆಡೆಯಲ್ಲಿ ಕೊಳೆಯಿಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಆದರೆ ಉಪ್ಪು ಒಳ್ಳೆಯದನ್ನು ಕಾಯಬಲ್ಲುದೇ ಹೊರತು ಕೆಟ್ಟುದನ್ನು ತಿದ್ದಲಾರದು. ಬಂಗುಡೆ, ಬೂತಾಯಿಗಳನ್ನು ಹಿಡಿದಮೇಲೆ ಸೆಕೆಯಲ್ಲಿ ಹೊತ್ತುಗಟ್ಟಲೆ ಬಿಟ್ಟರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಿಷವಸ್ತು ಹುಟ್ಟುತ್ತದೆ. ಬಳಿಕ ಉಪ್ಪು ಹಾಕಿದರೂ, ಬಿಸಿಲಿಗಿಟ್ಟರೂ, ಕುದಿಸಿದರೂ ಅದು ನಾಶವಾಗದು. ಅಂತಹ ಮೀನನ್ನು ಉಂಡವರಿಗೆ ಮುಖ ಕೆಂಪೇರಿ, ತಲೆನೋವೂ ತುರಿಕೆಯೂ ಉಂಟಾಗುತ್ತವೆ. ಆದುದರಿಂದ ನಂಬಿಕೆಯುಳ್ಳ ಮಾರಾಟಗಾರರಲ್ಲಿ ಕೊಳ್ಳುವುದೇ ಮೊದಲ ರಕ್ಷಣೆ.

ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿನೋಡಬೇಕು; ಗುಳಿಬಿದ್ದರೆ ಒಣಗಿದ್ದು ಸಾಲದು. ಹೊಟ್ಟೆ ಒಡೆದಿರಬಾರದು, ಹುಳಿವಾಸನೆ ಇರಬಾರದು. ಮೈಮೇಲೆ ನಸುಗೆಂಪು ಕಲೆಗಳಿದ್ದರೆ ಉಪ್ಪಿನಲ್ಲಿಯೇ ಬೆಳೆಯಬಲ್ಲ ಸೂಕ್ಷ್ಮಜೀವಿಗಳು ಸೇರಿವೆಯೆಂದು ತಿಳಿದು ಬಿಟ್ಟುಬಿಡುವುದು ಲೇಸು. ಬೂತಾಯಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಅದು ಬೇಗ ಹಳದಿಗಟ್ಟಿ ಕಮಟಾಗುತ್ತದೆ. ಎಣ್ಣೆ ಕಡಮೆಯಿರುವ ನಂಗು ಹೆಚ್ಚು ಕಾಲ ನಿಲ್ಲುತ್ತದೆ.

ಇನ್ನು ಕಾಪಿಡುವ ವಿಚಾರ. ಉಪ್ಪೊಂದೇ ಕಾವಲಿಗೆ ಸಾಲದು. ಅದಕ್ಕೊಬ್ಬ ಜೊತೆಗಾರ ಬೇಕು. ಉತ್ತಮ ಕ್ಯಾವಿಯರಿನಲ್ಲಿ ಉಪ್ಪು ನೂರಕ್ಕೆ 3ರಿಂದ 5 ಭಾಗ ಮಾತ್ರ. ಆದಕಾರಣ ಅದಕ್ಕೆ ಸೊನ್ನೆ ಡಿಗ್ರಿಯ ಆಸುಪಾಸಿನ ಶೈತ್ಯ ಬೇಕು, ಡಬ್ಬಿ ತೆರೆದಮೇಲೆ ಎರಡು ಮೂರು ದಿನಗಳಲ್ಲಿ ಮುಗಿಸಬೇಕು. ಒಣಮೀನಿಗೆ ಜೊತೆಗಾರನೆಂದರೆ ಶುಷ್ಕತೆ. ಗಾಳಿಯ ತೇವವು ನೂರಕ್ಕೆ ಸುಮಾರು 75ನ್ನು ಮೀರಿದರೆ ಉಪ್ಪು ತಾನೇ ನೀರನ್ನು ಹೀರತೊಡಗುತ್ತದೆ. ಬೆಳ್ಳಾರೆಯಂತಹ ಊರಿನ ಮಳೆಗಾಲದಲ್ಲಿ ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ!

ಹಿಂದಿನವರು ಒಣಮೀನನ್ನು ಒಲೆಯ ಮೇಲಣ ಅಟ್ಟದಲ್ಲಿಡುತ್ತಿದ್ದುದರ ಮರ್ಮ ಇದೇ. ದಿನವೂ ಉರಿಯುವ ಸೌದೆಯ ಬಿಸಿ ತೇವವನ್ನು ಅಟ್ಟುತ್ತಿತ್ತು. ಈಗ ಅನೇಕ ಮನೆಗಳಲ್ಲಿ ಅಡುಗೆ ಅನಿಲದ ಒಲೆಗೆ ಸಂದಿದೆ. ಅಟ್ಟ ಉಳಿದರೂ ಅದರ ಬಿಸಿ ಉಳಿದಿಲ್ಲ. ಅಂತಹ ಅಟ್ಟದಲ್ಲಿ ಮೀನನ್ನು ತೂಗಹಾಕುವುದು ಆಚಾರವಾದೀತು, ರಕ್ಷಣೆಯಾಗದು. ಮಳೆಗೆ ಮುನ್ನ ಮತ್ತೊಮ್ಮೆ ಬಿಸಿಲಿಗೆ ಹರವಿ, ಆರಿದ ಮೇಲೆ ಗಾಳಿಯಾಡದ ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿಡಬೇಕೆಂಬುದು ನಮ್ಮ ಸಲಹೆ. ಒಂದನ್ನು ತೆರೆದರೆ ಉಳಿದವಕ್ಕೆ ತೇವ ತಗಲದು. ಒಣಗಿದ ಕೈಯಿಂದಲೇ ತೆಗೆಯಬೇಕು. ಮಳೆ ಬಿಡುವುಕೊಟ್ಟ ದಿನ ಬಿಸಿಲು ಕಾಣಿಸಬೇಕು. ಇಷ್ಟು ಎಚ್ಚರವಿದ್ದರೆ ಬೇಸಗೆಯಲ್ಲಿ ವ್ಯಯಿಸಿದ ಹಣ ಆಟಿಯಲ್ಲಿ ಅನ್ನದ ಜೊತೆಗೆ ಬಂದು ಸೇರುತ್ತದೆ.