ಕಟ್ಟಿದ್ದನ್ನು ಕಾಯುವ ಹೊಣೆ

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿರುವ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. 37 ಟಿಎಂಸಿ ಅಡಿಗೂ ತುಸು ಹೆಚ್ಚು ನೀರನ್ನು ಹಿಡಿಯತಕ್ಕ ಈ ಜಲಾಶಯವು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಒಕ್ಕಲಿಗೆ ಆಧಾರವಾಗಿರುವುದು ವಾಚಕರಿಗೆ ವಿದಿತವೇ ಆಗಿದೆ. ಅಣೆಕಟ್ಟಿನ ಕೆಳಗೆ ನದಿಯ ದಡದಲ್ಲಿಯೇ ಹೊಳೆನರಸೀಪುರವಿದೆ. ಅರಕಲಗೂಡಿನ ಗದ್ದೆಗಳೂ ಚನ್ನರಾಯಪಟ್ಟಣದ ಸೀಮೆಯೂ ಅದರ ನಾಲೆಗಳತ್ತ ಮುಖಮಾಡಿ ನಿಂತಿವೆ. ಇಷ್ಟು ಜನರ ಅನ್ನವೂ ನೆಮ್ಮದಿಯೂ ಕೆಲವು ಕಬ್ಬಿಣದ ಬಾಗಿಲುಗಳನ್ನು ನೆಚ್ಚಿಕೊಂಡಿವೆ. ಆ ಬಾಗಿಲುಗಳಾದರೋ ಅವುಗಳಿಗೆ ಕಾಲಕಾಲಕ್ಕೆ ಎಣ್ಣೆ ಹಾಕಿ, ತುಕ್ಕು ಕೆರೆದು, ಕೀಲು ನೋಡುವ ಕೆಲವು ಕೈಗಳನ್ನು ನೆಚ್ಚಿಕೊಂಡಿವೆ. ಆ ಕೈಗಳ ವಿಷಯವಾಗಿ ನಾವು ಎಂದಾದರೂ ಯೋಚಿಸಿದ್ದೇವೆಯೆ?

ಯೋಚಿಸಬೇಕಾದ ಕಾರಣವನ್ನು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು ನಮಗೆ ಒದಗಿಸಿದೆ. 1953ರಿಂದ ನೀರುಣಿಸುತ್ತಿದ್ದ ಆ ಅಣೆಕಟ್ಟಿನ 33 ಬಾಗಿಲುಗಳ ಪೈಕಿ 19ನೆಯದರ ಸರಪಳಿಯು 2024ರ ಆಗಸ್ಟ್ 10ರ ರಾತ್ರಿ ತುಂಡಾಯಿತು. ಬಾಗಿಲು ಹೊಳೆಯ ಪಾಲಾಯಿತು. ಜಲಾಶಯ ತುಂಬಿದ್ದ ಕಾಲ. ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆದು, ರೈತರ ಕಣ್ಣೆದುರಿಗೇ ನೀರನ್ನು ಹೊಳೆಗೆ ಬಿಡಬೇಕಾಯಿತು. ಅಣೆಕಟ್ಟಿನ ಬಾಗಿಲುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಬಾಗಿಲನ್ನು ಒಂದು ವಾರದೊಳಗೆ ಇಳಿಸಿದ ಸಾಹಸವು ಸ್ತುತ್ಯವಾದುದು. ಆದರೂ 2025ರ ಮಳೆಗಾಲದಲ್ಲಿ ಜಲಾಶಯವನ್ನು ಪೂರ್ಣ ತುಂಬಿಸುವ ಧೈರ್ಯವಾಗದೆ, ಸುಮಾರು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಒಂದು ಸರಪಳಿಯ ಬೆಲೆ ಎಷ್ಟೆಂಬುದು ಈಗ ನಾಡಿಗೆ ತಿಳಿದಿದೆ.

ಯಾರನ್ನೂ ದೂಷಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸ್ವಭಾವವು ಒಂದು ಇಲಾಖೆಯ ದೋಷವಲ್ಲ. ಅದು ನಮ್ಮೆಲ್ಲರ ದೋಷ. ನಮ್ಮ ಜಿಲ್ಲೆಯ ಯಾವ ಪಟ್ಟಣದ ಯಾವ ಕಚೇರಿಗೆ ಹೋದರೂ ಇದರ ಕುರುಹುಗಳು ಕಾಣುತ್ತವೆ. ಜನರೇಟರು ಇದೆ, ಅದರ ಬ್ಯಾಟರಿ ಸತ್ತಿದೆ. ಬೆಂಕಿ ಆರಿಸುವ ಕೆಂಪು ಸಿಲಿಂಡರು ಗೋಡೆಯಲ್ಲಿ ತೂಗುತ್ತಿದೆ, ಅದರ ಅವಧಿ ಎಂದೋ ಮುಗಿದಿದೆ. ಶಾಲೆಯಲ್ಲಿ ಶೌಚಗೃಹವಿದೆ, ನಲ್ಲಿ ಮುರಿದುದರಿಂದ ಬಾಗಿಲಿಗೆ ಬೀಗ ಬಿದ್ದಿದೆ. ಆಯುಧಪೂಜೆಯ ದಿನ ಮಾತ್ರ ಜೀಪು ತೊಳೆದುಕೊಂಡು, ಕಂಪ್ಯೂಟರು ಧೂಳು ಕೊಡವಿಕೊಂಡು, ಎರಡಕ್ಕೂ ಕುಂಕುಮವಿಟ್ಟು ಕೈಮುಗಿಯುತ್ತೇವೆ. ಪೂಜೆ ತಪ್ಪಲ್ಲ. ಆದರೆ ವರ್ಷಕ್ಕೊಮ್ಮೆ ದೇವರೆನಿಸಿದ ಯಂತ್ರವು ಉಳಿದ ದಿನಗಳಲ್ಲಿ ಅನಾಥವಾದರೆ ಆ ಪೂಜೆಗೆ ಅರ್ಥವೇನು?

ಈ ಉಪದೇಶವನ್ನು ಮೊದಲು ನಮಗೇ ಮಾಡಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಮುದ್ರಣಾಲಯದ ಯಂತ್ರದಲ್ಲಿ ಒಂದು ಬೇರಿಂಗು ಸದ್ದು ಮಾಡತೊಡಗಿತು. ಯಂತ್ರ ನಡೆಸುವವನು ಬಂದು ಎರಡು ಸಲ ಹೇಳಿದನು. "ಈ ವಾರ ಓಡಲಿ, ಆಮೇಲೆ ನೋಡೋಣ" ಎಂದು ನಾವೇ ಹೇಳಿದೆವು. ನಾಲ್ಕನೆಯ ರಾತ್ರಿ ಯಂತ್ರವು ನಿಂತಿತು. ಬೇರಿಂಗಿನೊಡನೆ ಉರುಳೆಯೂ ಕೆಟ್ಟಿತು. ಮರುದಿನ ಪತ್ರಿಕೆ ಹೊರಡಲಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು. ನಷ್ಟಕ್ಕಿಂತಲೂ ಹೆಚ್ಚಾಗಿ ನಮ್ಮನ್ನು ಚುಚ್ಚಿದ್ದು ಆ ಕೆಲಸಗಾರನ ಮೌನ. ಅವನು ಮೂರನೆಯ ಸಲ ಹೇಳಲಿಲ್ಲ. ಹೇಳಿ ಫಲವಿಲ್ಲವೆಂಬುದನ್ನು ಅವನಿಗೆ ಕಲಿಸಿದವರು ನಾವೇ. ಯಂತ್ರಗಳು ಕೆಡುವುದಕ್ಕೆ ಮುಂಚೆ ಇಂತಹ ಮೌನವು ಹುಟ್ಟುತ್ತದೆಂಬುದನ್ನು ಮೇಲಧಿಕಾರಿಗಳೂ ಯಜಮಾನರೂ ಅರಿಯತಕ್ಕದ್ದು.

ನಮ್ಮ ಹಿರಿಯರಿಗೆ ಈ ವಿದ್ಯೆ ತಿಳಿಯದಿರಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಹುಳ್ಳನು 1159ರಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದಾಗ ಹೊಯ್ಸಳ ಒಂದನೆಯ ನರಸಿಂಹನು ಸವಣೇರು ಗ್ರಾಮವನ್ನು ಅದಕ್ಕೆ ದತ್ತಿಯಾಗಿ ಬಿಟ್ಟನು. ಕಟ್ಟಿದ ಪುಣ್ಯದೊಡನೆ ನಡೆಸುವ ಉತ್ಪತ್ತಿಯನ್ನೂ ಏರ್ಪಡಿಸುವುದು ಅಂದಿನ ಪದ್ಧತಿ. ಆ ಕಾಲದ ದತ್ತಿಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಪದೇಪದೇ ಬರುತ್ತದೆ; ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕಾಗಿ ಎಂದರ್ಥ. ಕೆರೆಯ ಹೂಳೆತ್ತುವ ಬಂಡಿಗೂ ದತ್ತಿಯುಂಟು. ಕೆರೆಯನ್ನು ಕಟ್ಟಿ ಕಾಪಾಡಿದವನಿಗೆ ಕಟ್ಟುಕೊಡಗೆಯೆಂದೂ ಬಿತ್ತುವಟ್ಟವೆಂದೂ ಭೂಮಿ ಸಲ್ಲುತ್ತಿತ್ತು. ಊರಿಗೊಬ್ಬ ನೀರುಗಂಟಿಯಿದ್ದನು. ತೂಬನ್ನು ತೆರೆಯುವುದು, ಮುಚ್ಚುವುದು, ಏರಿಯಲ್ಲಿ ನೀರು ಜಿನುಗಿದರೆ ಊರಿಗೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಪಾಲು. ಕೆಲಸಕ್ಕೊಬ್ಬ ಹೊಣೆಗಾರ, ಹೊಣೆಗೆ ತಕ್ಕ ಪಾಲು, ಅವನ ಮಾತಿಗೆ ಊರಿನಲ್ಲಿ ಕಿವಿ: ಈ ಮೂರೂ ಇದ್ದಷ್ಟು ಕಾಲ ಕೆರೆ ಉಳಿಯಿತು.

ಪರಾಧೀನತೆಯ ಕಾಲದಲ್ಲಿ ಮರಾಮತ್ತು ಎಂಬುದು ಇಲಾಖೆಯ ಮಾತಾಯಿತು; 'ಸರ್ಕಾರದ ಸ್ವತ್ತು' ಎಂದರೆ ಬೇರೆ ಯಾರದೋ ಸ್ವತ್ತು ಎಂದಾಯಿತು. 1947ರಲ್ಲಿ ಒಡೆತನವು ನಮ್ಮದಾಯಿತು. ಆದರೆ ಒಡೆಯನ ಮನಸ್ಸು ಇನ್ನೂ ನಮಗೆ ಬಂದಿಲ್ಲ. ಹೊಸ ಕಟ್ಟಡದ ಶಂಕುಸ್ಥಾಪನೆಗೆ ಮಂತ್ರಿಗಳು ಬರುತ್ತಾರೆ, ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತಾರೆ. ಹಳೆಯ ಕಟ್ಟಡದ ಸೋರುವ ಮಾಡನ್ನು ಸರಿಮಾಡಿದವನ ಹೆಸರನ್ನು ಯಾವ ಕಲ್ಲಿನಲ್ಲಿಯೂ ಕಾಣೆವು. ಸ್ವರಾಜ್ಯವೆಂದರೆ ತನ್ನದನ್ನು ತಾನು ಕಾಪಾಡಿಕೊಳ್ಳುವ ಶಕ್ತಿಯೂ ಅಹುದು.

ಇದು ನಮ್ಮಿಂದಾಗದ ಕೆಲಸವೆಂದು ಯಾರೂ ಹೇಳುವಂತಿಲ್ಲ. ರಾಜ್ಯ ಸಾರಿಗೆ ಸಂಸ್ಥೆಯ ಪ್ರಾದೇಶಿಕ ಕಾರ್ಯಾಗಾರವೊಂದು ಹಾಸನದಲ್ಲಿಯೇ ಇದೆ. ಬಸ್ ಡಿಪೋಗಳ ಪದ್ಧತಿಯಂತೆ ಚಾಲಕನು ಬಸ್ಸನ್ನು ಒಪ್ಪಿಸುವಾಗ ತಾನು ಕಂಡ ದೋಷವನ್ನು ಬರೆದುಕೊಡಬೇಕು. ಮೆಕಾನಿಕನು ಅದನ್ನು ನೋಡಬೇಕು. ಇಂತಿಷ್ಟು ಕಿಲೋಮೀಟರು ಓಡಿದ ಮೇಲೆ ಬಸ್ಸು ಕೆಟ್ಟಿರಲಿ ಬಿಡಲಿ, ತಪಾಸಣೆಗೆ ನಿಲ್ಲಬೇಕು. ಜಪಾನಿನವರು ಇದೇ ತತ್ತ್ವವನ್ನು ಇನ್ನೂ ಮುಂದಕ್ಕೆ ಒಯ್ದರು. 1971ರ ಸುಮಾರಿಗೆ ನಿಪ್ಪೋನ್‌ಡೆನ್ಸೋ ಕಾರ್ಖಾನೆಯಲ್ಲಿ ನೆಲೆಗೊಂಡ ಕ್ರಮದಂತೆ, ಯಂತ್ರವನ್ನು ನಡೆಸುವವನೇ ಅದನ್ನು ದಿನವೂ ಒರೆಸಿ, ಎಣ್ಣೆ ಹಾಕಿ, ಸಡಿಲವಾದ ತಿರುಪನ್ನು ಬಿಗಿಮಾಡಬೇಕು. ಒರೆಸುವ ಕೈಗೆ ಬಿರುಕು ಮೊದಲು ಸಿಕ್ಕುತ್ತದೆಂಬುದು ಅವರ ಅನುಭವ. ನಮ್ಮ ನೀರುಗಂಟಿಯ ಅನುಭವವೂ ಇದೇ ಅಲ್ಲವೆ?

ಆದುದರಿಂದ ಈ ನಾಲ್ಕು ಪಟ್ಟಣಗಳ ಕಚೇರಿ, ಶಾಲೆ, ಆಸ್ಪತ್ರೆ, ಕಾರ್ಖಾನೆಗಳ ಮುಖ್ಯಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಪ್ರತಿಯೊಂದು ಉಪಕರಣಕ್ಕೂ ಹೆಸರು ಹಿಡಿದು ಒಬ್ಬ ಹೊಣೆಗಾರನನ್ನು ನೇಮಿಸಿರಿ. ಎಲ್ಲರ ಹೊಣೆ ಯಾರ ಹೊಣೆಯೂ ಅಲ್ಲ. ಅದರ ಪಕ್ಕದಲ್ಲಿಯೇ ಒಂದು ಪುಸ್ತಕವನ್ನು ತೂಗುಹಾಕಿ, ನೋಡಿದ ದಿನವನ್ನೂ ಕಂಡ ದೋಷವನ್ನೂ ಅವನು ಬರೆಯಲಿ. ವಾರಕ್ಕೊಮ್ಮೆ ನೀವೇ ಎದ್ದುಹೋಗಿ ಅದಕ್ಕೆ ರುಜು ಹಾಕಿರಿ. ದೋಷವನ್ನು ಹೇಳಲು ಬಂದವನನ್ನು ಗದರಿಸಬೇಡಿರಿ. ನಿರ್ವಹಣೆಗೆಂದು ಮಂಜೂರಾದ ಹಣವನ್ನು ಹೊಸ ಪೀಠೋಪಕರಣಕ್ಕೆ ತಿರುಗಿಸಬೇಡಿರಿ. ಅಣೆಕಟ್ಟುಗಳನ್ನು ಮಳೆಗಾಲದ ಮುಂಚೆಯೂ ಆಮೇಲೆಯೂ ತಪಾಸಣೆ ಮಾಡಬೇಕೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ವಿಧಿಸಿದೆ. ದೊಡ್ಡ ಅಣೆಕಟ್ಟಿಗೆ ಸಲ್ಲುವ ನಿಯಮವು ಶಾಲೆಯ ನೀರಿನ ತೊಟ್ಟಿಗೆ ಸಲ್ಲದೆಂದು ಯಾರು ಹೇಳಿದರು?

ಮುಂಬರುವ ಆಯುಧಪೂಜೆಯ ದಿನ ಯಂತ್ರಕ್ಕೆ ಹಾರ ಹಾಕುವ ಮುನ್ನ, ವರ್ಷವೆಲ್ಲ ಅದನ್ನು ಕಾದವನನ್ನು ಸಭೆಯ ಮುಂದೆ ಕರೆದು ಒಂದು ಹಾರವನ್ನು ಅವನ ಕೊರಳಿಗೂ ಹಾಕಿರಿ. ಅವನು ಏನಾದರೂ ಹೇಳಬಂದರೆ ಮೊದಲನೆಯ ಸಲವೇ ಕೇಳಿರಿ.