ಪ್ರಸವೋತ್ತರ ರಕ್ತಸ್ರಾವದ ಮಾಪನ: ಬೆಳಗಾವಿಯ ಒಂದು ಸಾಧನ

ಹೆರಿಗೆಯ ತರುವಾಯ ಅರ್ಧ ಲೀಟರು ಅಥವಾ ಅದಕ್ಕೂ ಮಿಕ್ಕು ರಕ್ತ ಹೋದರೆ ವೈದ್ಯಶಾಸ್ತ್ರವು ಅದನ್ನು ಪ್ರಸವೋತ್ತರ ರಕ್ತಸ್ರಾವವೆಂದು ಪರಿಗಣಿಸುತ್ತ ಬಂದಿದೆ. ಆದರೆ ಈ ಅರ್ಧ ಲೀಟರನ್ನು ಅಳೆಯುವುದೆಂತು? ಬಟ್ಟೆಯಲ್ಲಿ ಇಂಗಿದ, ನೆಲಕ್ಕೆ ಹರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಎಣಿಸುವಾಗ ನುರಿತವರೂ ಕಡಿಮೆಯೆಂದೇ ಭಾವಿಸುವುದುಂಟು.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಡನೆ ರೂಪಿಸಿದ ಸಾಧನವು ತೀರ ಸರಳವಾದುದು: ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಕೂಡಿಸಿದ ಅಳತೆಯ ಗೆರೆಗಳುಳ್ಳ ಚೀಲ. ಆ ಜಿಲ್ಲೆಯ ಹಳ್ಳಿಗಳ 1,620 ಸ್ತ್ರೀಯರನ್ನೊಳಗೊಂಡು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತವನ್ನು ಅಳೆದುದು ಇದರಿಂದಲೇ. ಔಷಧರಹಿತ ಗುಳಿಗೆ ಪಡೆದವರಲ್ಲಿ ಶೇ. 12ರಷ್ಟಿದ್ದ ರಕ್ತಸ್ರಾವವು ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇ. 6.4ರಷ್ಟಿತ್ತು. ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಈ ಗುಳಿಗೆಗೆ ಅದು ಬೇಡ. ಮನೆಯ ಹೆರಿಗೆಗೂ ಉಪಕೇಂದ್ರಕ್ಕೂ ಆರೋಗ್ಯ ಸಹಾಯಕಿಯರು ಅದನ್ನು ಒಯ್ಯಲು ಸಾಧ್ಯವಾದುದು ಹೀಗೆ.

2023ರಲ್ಲಿ ಪ್ರಕಟವಾದ, ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳ ಅಧ್ಯಯನದಲ್ಲಿ ಇಂತಹ ಅಳತೆಚೀಲವನ್ನೂ ಒಡನೆ ಕೊಡುವ ಚಿಕಿತ್ಸೆಗಳನ್ನೂ ಒಟ್ಟುಗೂಡಿಸಿದೆಡೆ ಶೇ. 93ರಷ್ಟು ರಕ್ತಸ್ರಾವಗಳು ಪತ್ತೆಯಾದವು. ರೂಢಿಯ ಕ್ರಮದಲ್ಲಿ ಶೇ. 51 ಮಾತ್ರ. ಅವು ಶಸ್ತ್ರಚಿಕಿತ್ಸೆಯ ಅನುಕೂಲವಿದ್ದ ಆಸ್ಪತ್ರೆಗಳು. ಅದೇ ಫಲವನ್ನು ನಮ್ಮ ಉಪಕೇಂದ್ರಗಳಿಗೆ ನೇರವಾಗಿ ಆರೋಪಿಸಲಾಗದು.